ಸಹಿ ಸಣ್ಣದಾದರೆ, ಚೀಟಿ ಹಿಂದಿರುಗಿಸುವ ಮುನ್ನ

ಸಂಪಾದಕರಿಗೆ,

ಮಾನ್ಯರೇ,

ಪ್ರತಿ ವರ್ಷ ಏಪ್ರಿಲ್ 11ರಂದು, ವಿಶ್ವ ಪಾರ್ಕಿನ್ಸನ್ ದಿನದ ಲೆಕ್ಕದಲ್ಲಿ, ಪತ್ರಿಕೆಗಳಲ್ಲಿ ಒಂದು ಚಿತ್ರ ಬರುತ್ತದೆ. ನರ ಎದ್ದ ಮುದಿ ಕೈ, ಅದರಲ್ಲಿ ಚಹಾದ ಕಪ್ಪು, ಬಸಿಗೆ ತುಳುಕಿದ ಚಹಾ. ಆ ಚಿತ್ರದ ಮೇಲೆ ನನಗೊಂದು ತಕರಾರಿದೆ. ಕೈ ನಡುಗಿದರೆ ಮಾತ್ರ ಪಾರ್ಕಿನ್ಸನ್ ಎಂಬ ಮಿದುಳಿನ ಕಾಯಿಲೆ ಎಂದು ಆ ಚಿತ್ರ ನಮಗೆ ಕಲಿಸಿತ್ತು. ನಡುಕ ಬರುವುದನ್ನೇ ಕಾಯುತ್ತ ನಮ್ಮ ಮನೆಯಲ್ಲಿ ಎರಡೂವರೆ ವರ್ಷ ಕಳೆದುಹೋಯಿತು. ಕೊನೆಗೆ ತಿಳಿದಿದ್ದೇನೆಂದರೆ, ಈ ಕಾಯಿಲೆಯವರ ಕೈ ಕಪ್ಪು ಎತ್ತುವಾಗ ನಡುಗುವುದಕ್ಕಿಂತ ಸುಮ್ಮನೆ ತೊಡೆಯ ಮೇಲೆ ಇಟ್ಟುಕೊಂಡಾಗ ನಡುಗುವುದೇ ಹೆಚ್ಚು. ನಾಲ್ವರಲ್ಲಿ ಸುಮಾರು ಒಬ್ಬರಿಗಂತೂ ಮೊದಮೊದಲು ನಡುಕವೇ ಇರುವುದಿಲ್ಲ.

ನಾನು ಶಿರಸಿ ತಾಲ್ಲೂಕಿನ ಹಳ್ಳಿಯೊಂದರ ಸೇವಾ ಸಹಕಾರಿ ಸಂಘದಲ್ಲಿ ಮೂವತ್ತೊಂದು ವರ್ಷ ಕ್ಯಾಷಿಯರ್ ಆಗಿದ್ದವನು. 2022ರ ಮೇ ತಿಂಗಳಿನಲ್ಲಿ ನಿವೃತ್ತನಾದೆ. ಕ್ಯಾಷಿಯರನಿಗೆ ಮನುಷ್ಯರ ಮುಖಕ್ಕಿಂತ ಸಹಿ ಹೆಚ್ಚು ನೆನಪಿರುತ್ತದೆ. ಯಾರು ಅಕ್ಷರಕ್ಕೆ ಬಾಲ ಬಿಡುತ್ತಾರೆ, ಯಾರು ಕೆಳಗೆ ಎರಡು ಗೀಟು ಎಳೆದು ಚುಕ್ಕೆ ಇಡುತ್ತಾರೆ, ಯಾರು ಹೆಂಡತಿಯ ಸಹಿಯನ್ನೂ ತಾವೇ ಮಾಡಿಕೊಂಡು ಬಂದಿದ್ದಾರೆ ಎಂಬುದು ಚೀಟಿ ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಇಷ್ಟು ಗೊತ್ತಿದ್ದವನ ಕಣ್ಣೆದುರೇ ಒಂದು ಸಹಿ ನಾಲ್ಕು ವರ್ಷ ಕುಗ್ಗುತ್ತ ಹೋಯಿತು. ನಾನು ಚೀಟಿ ಹಿಂದಕ್ಕೆ ತಳ್ಳಿದೆ, ಅಷ್ಟೇ.

ಆ ಸಹಿ ನನ್ನ ಭಾವನದು, ಅಂದರೆ ಅಕ್ಕನ ಯಜಮಾನರದು. ಮೂರು ಎಕರೆ ಅಡಿಕೆ ತೋಟ, ಸ್ವಲ್ಪ ಕಾಳುಮೆಣಸು, ಎರಡು ಎಮ್ಮೆ. ತಾಳಮದ್ದಲೆಯಲ್ಲಿ ಅರ್ಥ ಹೇಳುತ್ತಿದ್ದವರು. ಅವರ ಕೌರವನ ಧ್ವನಿ ಮೈಕ್ ಇಲ್ಲದೆಯೇ ಕೇರಿಯ ಆಚೆಗೆ ಕೇಳಿಸುತ್ತಿತ್ತು. ಸಹಿಯೂ ಹಾಗೆಯೇ, ಚೀಟಿಯ ಗೆರೆ ದಾಟಿ ಆಚೆ ಹೋಗುವಂಥದು. 2021ರ ಮಳೆಗಾಲದ ಹೊತ್ತಿಗೆ ಅದು ಕಂಪ್ಯೂಟರಿನಲ್ಲಿದ್ದ ಮಾದರಿ ಸಹಿಗೆ ಹೊಂದದಂತಾಯಿತು. ಮೊದಲ ಅಕ್ಷರ ಸರಿಯಾಗಿರುತ್ತಿತ್ತು, ಎರಡನೆಯದು ಸ್ವಲ್ಪ ಸಣ್ಣದು, ಕೊನೆಯವು ಇರುವೆ ಸಾಲು. “ಭಾವ, ಹೊಂದುತ್ತಿಲ್ಲ, ಇನ್ನೊಂದು ಚೀಟಿಯಲ್ಲಿ ಮಾಡಿ” ಎನ್ನುತ್ತಿದ್ದೆ. ಎರಡನೆಯದು ಇನ್ನೂ ಸಣ್ಣದಾಗಿರುತ್ತಿತ್ತು. ಒಂದು ದಿನ ಕೌಂಟರಿನ ಮುಂದೆ ನಾಲ್ಕೈದು ಜನ ನಿಂತಿರುವಾಗ, “ಸಹಿ ಮಾಡಲೂ ಇಷ್ಟು ಜಿಪುಣತನವೇ ಭಾವ?” ಎಂದುಬಿಟ್ಟೆ. ಎಲ್ಲರೂ ನಕ್ಕರು, ಭಾವ ನಗಲಿಲ್ಲ. ತಮಾಷೆಗೂ ಸಿಟ್ಟು ಮಾಡಿಕೊಂಡರಲ್ಲ ಎಂದು ನನಗೆ ಬೇಸರವಾಯಿತು. ಅವರ ಮುಖಕ್ಕೆ ಆಗಲೇ ನಗು ಸರಿಯಾಗಿ ಬರುತ್ತಿರಲಿಲ್ಲ ಎಂಬುದು ತಿಳಿದಿದ್ದು ಎರಡು ವರ್ಷದ ನಂತರ.

ಕೊನೆಗೆ ನಾನು ಸಮಸ್ಯೆಯನ್ನು ಬಗೆಹರಿಸಿದೆ. ಹೇಗೆಂದರೆ, ಹೊಸ ಕಾರ್ಡಿನ ಮೇಲೆ ಹೊಸ ಸಣ್ಣ ಸಹಿ ತೆಗೆದುಕೊಂಡು ಹಳೆಯದನ್ನು ರದ್ದು ಮಾಡಿದೆ. ನಿಯಮದ ಪ್ರಕಾರ ಎಲ್ಲವೂ ಸರಿಯಾಗಿತ್ತು.

ಭಾವ ಎರಡು ಅವಧಿ ಸಂಘದ ನಿರ್ದೇಶಕರೂ ಆಗಿದ್ದರು. ಕಾಯಿಲೆಯ ಹೆಸರು ಗೊತ್ತಾದ ಮೇಲೆ, ಕಾರ್ಯದರ್ಶಿಯವರ ಅನುಮತಿ ಪಡೆದು, ಆಡಳಿತ ಮಂಡಳಿಯ ಹಳೆಯ ಠರಾವು ಪುಸ್ತಕಗಳನ್ನು ತೆಗೆಸಿ ಒಂದು ಮಧ್ಯಾಹ್ನ ಪೂರ್ತಿ ಕೂತೆ. ಪಕ್ಕದಲ್ಲಿ ಮೊಮ್ಮಗನ ಅಡಿಪಟ್ಟಿ. 2016ರಲ್ಲಿ ಅವರ ಸಹಿ ಆರೂವರೆ ಸೆಂಟಿಮೀಟರ್. 2019ರಲ್ಲಿ ಐದು. 2021ರಲ್ಲಿ ಮೂರು. 2023ರ ಕೊನೆಯ ಸಭೆಯಲ್ಲಿ ಎರಡಕ್ಕೂ ಕಡಿಮೆ. ತಿಂಗಳಿಗೊಂದರಂತೆ, ದಿನಾಂಕದ ಸಮೇತ, ಸಂಘದ ಮೊಹರಿನ ಸಮೇತ ರೋಗದ ಚರಿತ್ರೆ ಅಲ್ಲಿ ಬಿದ್ದುಕೊಂಡಿತ್ತು. ಅಂಥ ದಾಖಲೆ ಯಾವ ಆಸ್ಪತ್ರೆಯ ಫೈಲಿನಲ್ಲೂ ಇರಲಾರದು. ಪ್ರತಿ ವರ್ಷ ಲೆಕ್ಕಪರಿಶೋಧಕರು ಬಂದು ಆ ಪುಸ್ತಕಕ್ಕೆ ಹಸಿರು ಶಾಯಿಯಲ್ಲಿ ಟಿಕ್ ಹಾಕಿ ಹೋಗಿದ್ದರು.

ಹುಬ್ಬಳ್ಳಿಯ ನರರೋಗ ತಜ್ಞರ ಬಳಿಗೆ ನಾವು ಹೋಗಿದ್ದು 2023ರ ನವೆಂಬರಿನಲ್ಲಿ. ಶಿರಸಿಯಿಂದ ನೂರು ಕಿಲೊಮೀಟರ್, ಬಸ್ಸಿನಲ್ಲಿ ಮೂರು ತಾಸು. ಹೋಗಿದ್ದು ಈ ಕಾಯಿಲೆಯ ಅನುಮಾನದಿಂದ ಅಲ್ಲ. ಎಂಟು ತಿಂಗಳಿನಿಂದ ಬಲ ಭುಜ ಹಿಡಿದುಕೊಂಡಿತ್ತು; ಎಣ್ಣೆ ತಿಕ್ಕಿ, ಬಿಸಿ ಶಾಖ ಕೊಟ್ಟು, ಎರಡು ಇಂಜೆಕ್ಷನ್ ಮಾಡಿಸಿ ಸಾಕಾಗಿತ್ತು. ಭುಜದ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲವೆಂದು ಮೂಳೆ ವೈದ್ಯರೇ ಅಲ್ಲಿಗೆ ಕಳಿಸಿದರು. ಆ ಪುಣ್ಯಾತ್ಮರಿಗೆ ನಾವು ಋಣಿಗಳು.

ನಾನು ರಕ್ತ ಪರೀಕ್ಷೆಯ ಕಾಗದಗಳ ದಪ್ಪ ಕವರು ಹಿಡಿದು ಹೋಗಿದ್ದೆ. ವೈದ್ಯರು ಅದನ್ನು ಬಿಚ್ಚಲಿಲ್ಲ. ಭಾವ ಬಾಗಿಲಿನಿಂದ ಕುರ್ಚಿಯವರೆಗೆ ನಡೆದು ಬಂದಿದ್ದನ್ನೇ ನೋಡುತ್ತಿದ್ದರು. ಹೆಬ್ಬೆರಳಿಗೆ ತೋರುಬೆರಳು ತಾಗಿಸಿ ಬೇಗ ಬೇಗ ಬಡಿಯಲು ಹೇಳಿದರು. ಎಡಗೈ ಸಲೀಸಾಗಿ ಬಡಿಯಿತು. ಬಲಗೈ ಐದಾರು ಸಲದ ನಂತರ ಸಣ್ಣಗಾಗಿ ನಿಂತಂತಾಯಿತು. ಮುಷ್ಟಿ ಹಿಡಿದು ಬಿಡಿಸಿದರು, ಮೊಣಕೈ ಮಡಿಸಿ ನೋಡಿದರು, ಒಂದು ವಾಕ್ಯ ಬರೆಸಿದರು, ಹಜಾರದಲ್ಲಿ ನಡೆಸಿ ತಿರುಗಿಸಿದರು, ಹಿಂದೆ ನಿಂತು ಎರಡೂ ಭುಜ ಹಿಡಿದು ಹಿಂದಕ್ಕೆ ಎಳೆದರು. ಎಂಆರ್‌ಐ ಆಮೇಲೆ ಮಾಡಿಸಿದರಾದರೂ ಅದು ಬೇರೆ ಕಾಯಿಲೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಮಾತ್ರ. ಈ ರೋಗವನ್ನು ಹಿಡಿದುಕೊಡುವ ಸಾಮಾನ್ಯ ರಕ್ತ ಪರೀಕ್ಷೆ ಇಲ್ಲ. ಅನುಭವವಿರುವ ವೈದ್ಯರು ಕಣ್ಣಿನಿಂದ ನೋಡಿ, ಕೇಳಿ ನಿರ್ಧರಿಸಬೇಕು.

ಆಮೇಲೆ ಅವರು ಅಕ್ಕನ ಕಡೆ ತಿರುಗಿದರು. “ರಾತ್ರಿ ನಿದ್ದೆಯಲ್ಲಿ ಕೂಗುತ್ತಾರೆಯೇ? ಕೈಕಾಲು ಬೀಸುತ್ತಾರೆಯೇ?”

ಅಕ್ಕ ನನ್ನ ಮುಖ ನೋಡಿದಳು. ಇದು ಇವರಿಗೆ ಹೇಗೆ ಗೊತ್ತಾಯಿತು ಎಂಬ ಗಾಬರಿ. ಭಾವ ನಾಲ್ಕೈದು ವರ್ಷದಿಂದ ನಿದ್ದೆಯಲ್ಲಿ ತೋಟಕ್ಕೆ ಬಂದ ಮಂಗಗಳನ್ನು ಓಡಿಸುತ್ತಿದ್ದರು. “ಹೋ, ಹೋ” ಎಂದು ಕೂಗು, ಗೋಡೆಗೆ ಗುದ್ದು. ಒಮ್ಮೆ ಕಾಡುಹಂದಿಯನ್ನು ಒದೆಯಲು ಹೋಗಿ ಮಂಚದಿಂದ ಬಿದ್ದು ಹುಬ್ಬು ಒಡೆದುಕೊಂಡಿದ್ದರು. ಅಕ್ಕ ಹಾಸಿಗೆಯನ್ನು ಬೇರೆ ಕೋಣೆಗೆ ಹಾಕಿಕೊಂಡಿದ್ದಳು. ಇದನ್ನು ನಾವು ಯಾವ ವೈದ್ಯರಿಗೂ ಹೇಳಿರಲಿಲ್ಲ. ತಾಂಬೂಲ ಪ್ರಶ್ನೆ ಇಡಿಸಿದ್ದೆವು, ಬೆಟ್ಟದ ಅಂಚಿನ ಚೌಡಿಗೆ ಹೇಳಿಕೊಂಡಿದ್ದೆವು, ಒಂದು ಶಾಂತಿಯನ್ನೂ ಮಾಡಿಸಿದ್ದೆವು. ಅದಕ್ಕೆ ನನ್ನ ಆಕ್ಷೇಪವಿಲ್ಲ, ಊಟ ಚೆನ್ನಾಗಿತ್ತು. ವೈದ್ಯರು ವಿವರಿಸಿದ್ದು ಇಷ್ಟು: ಕನಸು ಬೀಳುವಾಗ ಮೈಯ ಸ್ನಾಯುಗಳು ಸಡಿಲವಾಗಿ ಬಿದ್ದಿರಬೇಕು, ಅದಕ್ಕೆ ಮಿದುಳಿನಲ್ಲಿಯೇ ಒಂದು ಏರ್ಪಾಡಿದೆ. ಆ ಏರ್ಪಾಡು ಕೆಟ್ಟಾಗ ಮನುಷ್ಯ ಕನಸನ್ನು ಮೈಯಲ್ಲಿ ಆಡಿಬಿಡುತ್ತಾನೆ. ಕೈಕಾಲಿನ ಲಕ್ಷಣಗಳು ಕಾಣುವುದಕ್ಕೆ ಹತ್ತು ವರ್ಷ ಮೊದಲೇ ಇದು ಶುರುವಾಗಬಹುದು. ನಿದ್ದೆಯಲ್ಲಿ ಕೂಗುವವರಿಗೆಲ್ಲ ಪಾರ್ಕಿನ್ಸನ್ ಎಂದಲ್ಲ. ಆದರೆ ವಯಸ್ಸಾದವರು ಹೊಸದಾಗಿ ಹೀಗೆ ಮಾಡತೊಡಗಿದರೆ ವೈದ್ಯರಿಗೆ ಹೇಳಲೇಬೇಕು.

“ವಾಸನೆ ಹೇಗಿದೆ?” ಎಂಬುದು ಎರಡನೆಯ ಪ್ರಶ್ನೆ. ಈ ಪ್ರಶ್ನೆಗೆ ಭಾವ ತಲೆ ತಗ್ಗಿಸಿದರು.

ಶಿರಸಿ, ಸಿದ್ದಾಪುರದ ಕಡೆಯವರಿಗೆ ಇದರ ನೋವು ಹೇಳದೆಯೇ ತಿಳಿಯುತ್ತದೆ. ಭಾವ ಅಪ್ಪೆಮಿಡಿಯ ಪಾರಖಿ. ಮಿಡಿಯ ತೊಟ್ಟು ಮುರಿದು, ಚಿಮ್ಮುವ ಸೊನೆಯನ್ನು ಮೂಗಿಗೆ ಹಿಡಿದು, ಇದು ಜೀರಿಗೆ ವಾಸನೆಯದು, ಇದು ಕರ್ಪೂರದ್ದು, ಇದು ಬರೀ ಹುಳಿ, ಉಪ್ಪಿನಕಾಯಿಗೆ ಮೂರು ವರ್ಷ ಬಾಳುವುದಿಲ್ಲ ಎಂದು ಹೇಳುತ್ತಿದ್ದರು. ಹೊಳೆಯಂಚಿನ ಯಾವ ಮರದ ಮಿಡಿ ಎಂದು ಕಣ್ಣು ಮುಚ್ಚಿ ಹೇಳಿ ಪಂದ್ಯ ಗೆದ್ದವರು. 2019ರ ಮಿಡಿ ಕಾಲದಲ್ಲಿ ಅವರು ಎಲ್ಲ ಮಿಡಿಗೂ “ಅಡ್ಡಿ ಇಲ್ಲ” ಎನ್ನತೊಡಗಿದರು. ಅಕ್ಕ ಆ ವರ್ಷ ಹಾಕಿದ ಉಪ್ಪಿನಕಾಯಿಯ ಒಂದು ಭರಣಿ ಪೂರ್ತಿ ಹಾಳಾಯಿತು. ಹಾಲು ಉಕ್ಕಿ ಒಲೆಯಲ್ಲಿ ಸೀದು ಹೊಗೆ ತುಂಬಿದರೂ ಪಕ್ಕದ ಕೋಣೆಯಲ್ಲಿದ್ದ ಅವರಿಗೆ ತಿಳಿಯಲಿಲ್ಲ. 2021ರಲ್ಲಿ ಕೋವಿಡ್ ಬಂದು ಹೋಯಿತಲ್ಲ, ಆಗ ನಾವೆಲ್ಲ ವಾಸನೆಯ ವಿಷಯವನ್ನು ಅದರ ತಲೆಗೆ ಕಟ್ಟಿ ನಿಶ್ಚಿಂತರಾದೆವು. ಎರಡು ವರ್ಷ ಹಿಂದಿನ ಉಪ್ಪಿನಕಾಯಿ ಭರಣಿ ಯಾರ ನೆನಪಿಗೂ ಬರಲಿಲ್ಲ. ಭಾವನಿಗೆ ಮಾತ್ರ ಗೊತ್ತಿತ್ತಂತೆ. ಪಾರಖಿಯ ಮೂಗು ಹೋಯಿತೆಂದು ಹೇಳಿಕೊಳ್ಳಲು ಮರ್ಯಾದೆ ಅಡ್ಡ ಬಂದಿತ್ತು.

ಮಲಬದ್ಧತೆ ಇದೆಯೇ ಎಂದು ಕೇಳಿದರು. ಇತ್ತು, ಹಲವು ವರ್ಷದಿಂದ. ತ್ರಿಫಲಾ ಚೂರ್ಣ ನಡೆದೇ ಇತ್ತು. ಮುದುಕರಲ್ಲಿ ಯಾರಿಗೆ ಇರುವುದಿಲ್ಲ ಎಂದುಕೊಂಡಿದ್ದೆವು. ಅದು ನಿಜವೂ ಹೌದು; ಒಂದೊಂದನ್ನೇ ಬಿಡಿಯಾಗಿ ಹಿಡಿದರೆ ಯಾವುದಕ್ಕೂ ಅರ್ಥವಿಲ್ಲ. ನೆಗಡಿಗೂ ವಾಸನೆ ಹೋಗುತ್ತದೆ, ಸಕ್ಕರೆ ಕಾಯಿಲೆಯಲ್ಲೂ ಭುಜ ಹಿಡಿಯುತ್ತದೆ. ಒಬ್ಬನೇ ಮನುಷ್ಯನಲ್ಲಿ ಇವು ಒಂದರ ಹಿಂದೆ ಒಂದು ಬಂದು ಕೂತಾಗ ಮಾತು ಬೇರೆಯಾಗುತ್ತದೆ. ಆದರೆ ನಮ್ಮ ಮನೆಯಲ್ಲಿ ವಾಸನೆಯ ವಿಷಯ ಅಡುಗೆಮನೆಯಲ್ಲಿತ್ತು, ಕೂಗಿನ ವಿಷಯ ಜೋಯಿಸರಲ್ಲಿತ್ತು, ಭುಜ ಮೂಳೆ ವೈದ್ಯರಲ್ಲಿತ್ತು, ಸಹಿ ನನ್ನ ಕೌಂಟರಿನಲ್ಲಿತ್ತು. ಜಮಾ ಖರ್ಚು ಒಂದೇ ಪುಟಕ್ಕೆ ಬಂದಿದ್ದು ಹುಬ್ಬಳ್ಳಿಯಲ್ಲಿ.

ಮನೆಗೆ ಬಂದ ಮೇಲೆ ನಾವೇ ಒಂದೊಂದನ್ನು ಹೆಕ್ಕತೊಡಗಿದೆವು. ಭಾವ ಕವಳ ಹಾಕುವವರು. ಎಲೆಯ ನಾರು ತೆಗೆದು, ಬೆರಳ ತುದಿಯಲ್ಲಿ ಸುಣ್ಣ ಸವರಿ, ಅಡಿಕೆ ಹೋಳಿಟ್ಟು ಮಡಿಸಲು ಅವರಿಗೆ ಅರ್ಧ ನಿಮಿಷ ಸಾಕಿತ್ತು. ಅದು ಮೂರು ನಿಮಿಷಕ್ಕೆ ಏರಿತ್ತು. ತಂಬಾಕನ್ನು 2015ರಲ್ಲೇ ಬಿಟ್ಟಿದ್ದರು. ಆದರೂ ಜಗಲಿಯಲ್ಲಿ ಸುಮ್ಮನೆ ಕೂತಾಗ ಬಲಗೈಯ ಹೆಬ್ಬೆರಳು ಬೆರಳುಗಳ ಮೇಲೆ ತಂಬಾಕು ತಿಕ್ಕಿದಂತೆ ಆಡುತ್ತಿರುತ್ತಿತ್ತು. “ಹಳೆ ಚಟ, ಕೈ ಬಿಟ್ಟಿಲ್ಲ” ಎಂದು ನಾವು ನಗುತ್ತಿದ್ದೆವು. ಅದೇ ನಡುಕ! ಅಷ್ಟು ದಿನ ನಾವು ಕಾಯುತ್ತಿದ್ದ ನಡುಕ ಬಂದು ಜಗಲಿಯ ಮೇಲೆ ಕೂತಿತ್ತು. ಕವಳದ ತಟ್ಟೆಗೆ ಕೈ ಚಾಚಿದ ಕೂಡಲೇ ಅದು ನಿಲ್ಲುತ್ತಿದ್ದುದರಿಂದ ನಮಗೆ ಗುರುತು ಸಿಗಲಿಲ್ಲ.

2022ರ ಮಾರಿಕಾಂಬಾ ಜಾತ್ರೆಯಲ್ಲಿ ಬಿಡಕಿ ಬಯಲಿನ ಗರ್ದಿಯಲ್ಲಿ ಅವರು ಹಿಂದೆ ಹಿಂದೆ ಉಳಿಯುತ್ತಿದ್ದರು. ಮೊಮ್ಮಗಳು ತೆಗೆದ ಮೊಬೈಲ್ ವಿಡಿಯೊ ಈಗಲೂ ಇದೆ. ಎಡಗೈ ಬೀಸುತ್ತಿದೆ, ಬಲಗೈ ಕಂಕುಳಲ್ಲಿ ಕೊಡೆ ಹಿಡಿದವರಂತೆ ಮೈಗೆ ಅಂಟಿಕೊಂಡಿದೆ. ಕೊಡೆ ಇಲ್ಲ. ಆ ವಿಡಿಯೊವನ್ನು ಮನೆಯವರೆಲ್ಲ ಹತ್ತು ಸಲ ನೋಡಿದ್ದೆವು, ಮೊಮ್ಮಗಳು ಕೊಂಡ ಬಳೆಯ ಅಂದ ನೋಡಲಿಕ್ಕೆ.

ತೋಟದ ಸಂಕದ ವಿಷಯವನ್ನು ಕೆಲಸದವನು ಹೇಳಿದ. ಎರಡು ಅಡಿಕೆ ಮರದ ದಿಮ್ಮಿ ಜೋಡಿಸಿದ ಆ ಸಂಕವನ್ನು ಭಾವ ಆಷಾಢದ ಮಳೆಯಲ್ಲಿ ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು ದಾಟಿದವರು. ಅಂಥವರು ಅದರ ಮುಂದೆ ಬಂದು ಕಾಲು ನೆಲಕ್ಕೆ ನೆಟ್ಟವರಂತೆ ನಿಲ್ಲತೊಡಗಿದ್ದರು. ಅವನು ಭಯವೆಂದು ತಿಳಿದು ಕೈ ಹಿಡಿದು ದಾಟಿಸುತ್ತಿದ್ದ. ಯಾರಿಗೂ ಹೇಳಬೇಡವೆಂದು ಭಾವ ಹೇಳಿದ್ದರಿಂದ ಹೇಳಿರಲಿಲ್ಲ.

ಎಲ್ಲಕ್ಕಿಂತ ಕಷ್ಟದ್ದು ಮುಖದ ವಿಷಯ. ಈ ಕಾಯಿಲೆಯಲ್ಲಿ ಮುಖದ ಸ್ನಾಯುಗಳೂ ಬಿಗಿಯುತ್ತವೆ, ರೆಪ್ಪೆ ಬಡಿಯುವುದು ಕಡಿಮೆಯಾಗುತ್ತದೆ, ಧ್ವನಿ ತಗ್ಗುತ್ತದೆ. ಒಳಗೆ ಸಂತೋಷವಿದ್ದರೂ ಹೊರಗೆ ಕಾಣುವುದಿಲ್ಲ. ನನ್ನ ಮಗಳ ಮದುವೆಯಲ್ಲಿ ನಮ್ಮ ಕಡೆಯ ಹಿರಿಯರ ಸಾಲಿನಲ್ಲಿ ನಿಂತ ಭಾವನ ಮುಖ ನೋಡಿ ಬೀಗರು, “ಅವರಿಗೆ ಈ ಸಂಬಂಧ ಒಪ್ಪಿಗೆ ಇಲ್ಲವೇ?” ಎಂದು ಕೇಳಿದ್ದರು. ತಾಳಮದ್ದಲೆಯವರು ಧ್ವನಿ ಸಾಲದೆಂದು ಕೌರವನನ್ನು ಬೇರೆಯವರಿಗೆ ಕೊಟ್ಟರು, ಕೊನೆಗೆ ಕರೆಯುವುದನ್ನೇ ಬಿಟ್ಟರು. ಅಕ್ಕನಂತೂ ಒಂದು ವರ್ಷ ಗಂಡನೊಡನೆ ಸರಿಯಾಗಿ ಮಾತಾಡಿರಲಿಲ್ಲ. ತಾನು ಏನು ಹೇಳಿದರೂ ಕಲ್ಲಿನಂತೆ ಕೂರುತ್ತಾರೆ, ಕೇಳಿದ್ದಕ್ಕೆ ಪಿಸುಮಾತಿನಲ್ಲಿ ಉತ್ತರ, ನಲವತ್ತೈದು ವರ್ಷ ಬಾಳಿದ ಮೇಲೆ ತನ್ನ ಮೇಲೆ ಇಷ್ಟು ಅಸಡ್ಡೆಯೇ ಎಂಬುದು ಅವಳ ಸಂಕಟ. ಹುಬ್ಬಳ್ಳಿಯಿಂದ ಬರುವಾಗ ಬಸ್ಸಿನಲ್ಲಿ ಅವಳು ಯಲ್ಲಾಪುರದ ದಾರಿಯುದ್ದಕ್ಕೂ ಅತ್ತಳು. ನಾನು ಕಾಯಿಲೆಯ ಚಿಂತೆ ಎಂದುಕೊಂಡೆ. “ಅಲ್ಲ ತಮ್ಮ, ಸಿಟ್ಟಲ್ಲವಂತಲ್ಲ” ಎಂದಳು.

ಸಂಪಾದಕರೇ, ವೈದ್ಯರ ಬಾಯಿಂದ ಕೇಳಿದ ಇನ್ನೊಂದು ಮಾತು ನನ್ನ ತಲೆಯಲ್ಲಿ ಕೂತಿದೆ. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆಯ ಬಗ್ಗೆ ಬರೆದಾಗ ಅವನ ಮುಂದೆ ಇದ್ದುದು ಆರೇ ಜನರ ವಿವರ. ಅವರಲ್ಲಿ ಕೆಲವರು ಅವನ ರೋಗಿಗಳೂ ಅಲ್ಲ, ಬೀದಿಯಲ್ಲಿ ನಡೆದು ಹೋಗುವಾಗ ಅವನ ಕಣ್ಣಿಗೆ ಬಿದ್ದವರು. ಸ್ಕ್ಯಾನ್ ಇಲ್ಲ, ಯಂತ್ರವಿಲ್ಲ. ನಿಂತು ನೋಡಿದ, ಅಷ್ಟೇ. ನಾನು ಮೂವತ್ತೊಂದು ವರ್ಷ ಗಾಜಿನ ಹಿಂದೆ ಕೂತು ನೋಡಿದ್ದಕ್ಕೆ ಯಾವ ಲೆಕ್ಕ?

ಚಲನೆಗೆ ಬೇಕಾದ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ಕೋಶಗಳು ಮಿದುಳಿನ ಒಂದು ಸಣ್ಣ ಭಾಗದಲ್ಲಿ ಮೆಲ್ಲಗೆ ಸಾಯುತ್ತ ಹೋಗುವುದೇ ಈ ರೋಗ. ಕೈ ನಿಧಾನವಾಯಿತೆಂದು ತಿಳಿಯುವ ಹೊತ್ತಿಗೆ ಆ ಕೋಶಗಳಲ್ಲಿ ಅರ್ಧದಷ್ಟೋ ಅದಕ್ಕಿಂತ ಹೆಚ್ಚೋ ಹೋಗಿರುತ್ತವೆ. ಇದನ್ನು ಕೇಳಿ ಭಾವ, “ಹಾಗಾದರೆ ಅರ್ಧ ತೋಟ ಹೋದ ಮೇಲೆ ಮದ್ದು ಹೊಡೆಯುವ ಕೊನೆಗೌಡನನ್ನು ಕರೆದಂತಾಯಿತು” ಎಂದರು. ಬೇಗ ತಿಳಿದಿದ್ದರೆ ಕೋಶಗಳೇನೂ ಉಳಿಯುತ್ತಿರಲಿಲ್ಲ, ಅಂಥ ಔಷಧ ಇನ್ನೂ ಇಲ್ಲ. ಆದರೆ ಎರಡೂವರೆ ವರ್ಷದ ಬೀಳುವಿಕೆ, ಭುಜದ ನೋವು, ಅಕ್ಕನ ಮೌನ ತಪ್ಪುತ್ತಿತ್ತು. ವ್ಯಾಯಾಮವನ್ನೂ ಅಷ್ಟು ಮೊದಲೇ ಶುರು ಮಾಡಬಹುದಿತ್ತು.

ಗ್ಯಾಸ್ ಮಾತ್ರೆಯ ವಿಷಯವನ್ನು ಬರೆಯದಿದ್ದರೆ ಈ ಪತ್ರ ಬರೆದೂ ಪ್ರಯೋಜನವಿಲ್ಲ. ವೈದ್ಯರು ಔಷಧ ಬರೆಯುವ ಮೊದಲು, ಈಗ ಏನೇನು ನುಂಗುತ್ತಿದ್ದೀರಿ ಎಂದು ಕೇಳಿದರು. ಭಾವ ಅಂಗಡಿಯಿಂದ ತಾವೇ ಕೊಂಡು ವರ್ಷಗಟ್ಟಲೆ ಹೊಟ್ಟೆಯುಬ್ಬರಕ್ಕೆ ಒಂದು ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಮಾತ್ರೆಯ ಹಾಳೆಯ ಮೇಲೆ ಪ್ಯಾಂಟೊಪ್ರಜೋಲ್ ಜೊತೆಗೆ ಲೆವೊಸಲ್ಪಿರೈಡ್ ಎಂದಿತ್ತು. ಆ ಎರಡನೆಯದು ಡೋಪಮೈನಿಗೇ ಅಡ್ಡಗಾಲು ಹಾಕುವಂಥದು. ವಯಸ್ಸಾದವರಲ್ಲಿ ಪಾರ್ಕಿನ್ಸನ್ನಿನಂಥದೇ ಲಕ್ಷಣಗಳನ್ನು ತಂದಿಡಬಲ್ಲದು. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ತಲೆತಿರುಗಿಗೆ ಕೊಡುವ ಸಿನ್ನರಿಜಿನ್, ಕೆಲವು ಮಾನಸಿಕ ಕಾಯಿಲೆಯ ಔಷಧಗಳು ಕೂಡ ಹೀಗೆ ಮಾಡಬಹುದು. ಮೊದಲು ಅದನ್ನು ನಿಲ್ಲಿಸಿ ಮೂರು ತಿಂಗಳು ಕಾದೆವು. ಭಾವನದು ಸ್ವಲ್ಪ ಇಳಿಯಿತು, ಹೋಗಲಿಲ್ಲ. ಒಳಗೆ ನಿಜವಾದ ರೋಗವೇ ಇತ್ತು. ಆದರೆ ನಮ್ಮ ಕೇರಿಯ ಕೊನೆಯ ಮನೆಯ ಅಮ್ಮ, ಇದೇ ಕಥೆ ಕೇಳಿ, ತಮ್ಮ ಮಾತ್ರೆಯ ಹಾಳೆ ಹಿಡಿದು ವೈದ್ಯರ ಬಳಿ ಹೋದರು. ವೈದ್ಯರು ಅದನ್ನು ನಿಲ್ಲಿಸಿದ ಮೇಲೆ ಆರು ತಿಂಗಳಿನಲ್ಲಿ ಅಮ್ಮನ ನಡಿಗೆ ಮೊದಲಿನಂತಾಯಿತು. ಈಗ ಬೆಟ್ಟಕ್ಕೆ ದರಕು, ಅಂದರೆ ಒಣ ಎಲೆ, ತರಲು ಹೋಗುತ್ತಾರೆ. ಯಾವ ಮಾತ್ರೆಯನ್ನೂ ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ. ನಿಲ್ಲಿಸುವುದನ್ನೂ ವೈದ್ಯರೇ ಹೇಳಬೇಕು. ಆದರೆ ಹಾಳೆ ತೋರಿಸಿ.

ಭಾವನಿಗೆ ಈಗ ಮಿದುಳಿಗೆ ಹೋಗಿ ಡೋಪಮೈನ್ ಆಗುವ ಲೆವೊಡೋಪ, ಅದರ ಜೊತೆಗೆ ಕಾರ್ಬಿಡೋಪ ಸೇರಿದ ಮಾತ್ರೆ ನಡೆಯುತ್ತಿದೆ. ದಿನಕ್ಕೆ ಮೂರು ಹೊತ್ತು, ಊಟಕ್ಕೆ ಒಂದು ತಾಸು ಮೊದಲು. ಬೇಳೆ, ಹಾಲು, ಮೊಸರಿನ ಜೊತೆ ನುಂಗಿದರೆ ಮೈಗೆ ಹತ್ತುವುದು ಕಡಿಮೆ. ಊಟದ ಕೊನೆಗೆ ಮೊಸರಿಲ್ಲದ ಬಾಳೆಲೆಯನ್ನು ಊಹಿಸಲಾರದ ನಮ್ಮವರಿಗೆ ಈ ಒಂದು ತಾಸಿನ ಅಂತರ ಕಲಿಸಲು ಅಕ್ಕ ಮೊಬೈಲಿನಲ್ಲಿ ಗಂಟೆ ಇಟ್ಟಿದ್ದಾಳೆ. ಬಂಧುಗಳು ನಸುಗುನ್ನಿ ಬೀಜದ ಪುಡಿಯನ್ನೂ ತಂದುಕೊಟ್ಟರು. ಅದರಲ್ಲಿ ಲೆವೊಡೋಪ ಇರುವುದು ಸುಳ್ಳಲ್ಲ, 1937ರಲ್ಲೇ ಮದ್ರಾಸಿನ ವಿಜ್ಞಾನಿಗಳು ಅದನ್ನು ಕಂಡುಕೊಂಡಿದ್ದರು. ತೊಂದರೆ ಏನೆಂದರೆ ಒಂದು ಚಮಚದಲ್ಲಿ ಎಷ್ಟಿದೆ ಎಂದು ಬೀಜ ಹೇಳುವುದಿಲ್ಲ. ಮಾತ್ರೆಯ ಮೇಲೆ ಪುಡಿಯನ್ನೂ ಹದಿನೈದು ದಿನ ತೆಗೆದುಕೊಂಡು ಭಾವನ ಕತ್ತು, ಕೈ ತಾವಾಗಿಯೇ ತಿರುಚತೊಡಗಿದವು, ಎದ್ದು ನಿಂತರೆ ಕಣ್ಣು ಕತ್ತಲೆ. ಪುಡಿಯನ್ನು ಎಮ್ಮೆಗೂ ಹಾಕದೆ ಗುಂಡಿಗೆ ಸುರಿದೆವು.

ಹೊಸಿಲಿನ ಬಳಿ ಕಾಲು ಅಂಟಿಕೊಳ್ಳುವುದಕ್ಕೆ ಫಿಸಿಯೊಥೆರಪಿಯವರು ಸುಲಭ ಉಪಾಯ ಹೇಳಿಕೊಟ್ಟರು. ಅಕ್ಕ ಜಗಲಿಯಿಂದ ಬಚ್ಚಲಿನವರೆಗೆ ಒಂದೊಂದು ಹೆಜ್ಜೆಗೆ ಒಂದರಂತೆ ಬಿಳಿ ಶೇಡಿಮಣ್ಣಿನ ಅಡ್ಡಗೆರೆ ಬರೆದಿದ್ದಾಳೆ. ಭಾವ ಗೆರೆ ದಾಟುತ್ತ ಸರಾಗವಾಗಿ ನಡೆಯುತ್ತಾರೆ. ತಾಳ ಹಾಕಿದರೆ ಇನ್ನೂ ಚೆನ್ನಾಗಿ. ಅವರಿಗೆ ಏಕತಾಳದ ಚಂಡೆ ಆಗುತ್ತದೆ, ನನಗೆ ಅದನ್ನು ದಿನಕ್ಕೆ ಎಂಟು ಸಲ ಕೇಳಲು ಆಗುವುದಿಲ್ಲ.

ನಮ್ಮ ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಬಹಳ ವರ್ಷದ್ದು. ಕಾರವಾರದವರು ಗೋವಾಕ್ಕೆ, ಭಟ್ಕಳ, ಹೊನ್ನಾವರದವರು ಮಣಿಪಾಲಕ್ಕೆ, ಘಟ್ಟದ ಮೇಲಿನ ನಾವು ಹುಬ್ಬಳ್ಳಿಗೆ ಓಡುವುದು ತಪ್ಪಿಲ್ಲ. ಆ ಬೇಡಿಕೆಗೆ ನನ್ನ ಸಹಿಯೂ ಇದೆ, ಪೂರ್ತಿ ಉದ್ದದ್ದು. ಆದರೆ ಹುಬ್ಬಳ್ಳಿ ನಮ್ಮ ಅಂಗಳಕ್ಕೇ ಬಂದಿದ್ದರೂ ನಾವು ಭಾವನನ್ನು ಅಲ್ಲಿಗೆ ಕರೆದೊಯ್ಯುತ್ತಿರಲಿಲ್ಲ. ವಯಸ್ಸಾಯಿತು ಎಂಬ ಒಂದೇ ಔಷಧ ನಮ್ಮಲ್ಲಿ ಎಲ್ಲಕ್ಕೂ ನಡೆಯುತ್ತಿತ್ತು.

ಆದ್ದರಿಂದ ನನ್ನ ಕೋರಿಕೆ ಸರ್ಕಾರಕ್ಕಿಂತ ಮೊದಲು ನನ್ನಂಥವರಿಗೆ. ಸೊಸೈಟಿ, ಬ್ಯಾಂಕ್, ಅಂಚೆ ಕಚೇರಿಗಳ ಕೌಂಟರಿನಲ್ಲಿ ಕೂತ ತಮ್ಮಂದಿರೇ, ತಂಗಿಯರೇ, ಅರವತ್ತು ದಾಟಿದವರ ಸಹಿ ಹೊಂದದಿದ್ದಾಗ ಹೊಸ ಕಾರ್ಡು ಮಾಡಿಸಿ ಮುಗಿಸಬೇಡಿ. ಹಳೆಯ ಸಹಿ ದೊಡ್ಡದಾಗಿದ್ದು ಹೊಸದು ಕೊನೆಕೊನೆಗೆ ಕುಗ್ಗುತ್ತಿದ್ದರೆ ಮನೆಯವರಿಗೆ ಒಂದು ಮಾತು ಹೇಳಿ. ನಾಲ್ಕು ಜನರೆದುರು ಬೇಡ, ಪಕ್ಕಕ್ಕೆ ಕರೆದು. ಕಾಯಿಲೆಯ ಹೆಸರನ್ನು ನೀವು ಹೇಳಬೇಕಿಲ್ಲ, “ನರದ ವೈದ್ಯರಿಗೆ ಒಮ್ಮೆ ತೋರಿಸಿ” ಎಂದರೆ ಸಾಕು. ಮನೆ ಮನೆಗೆ ಬಂದು ಬಿಪಿ, ಸಕ್ಕರೆ ನೋಡುವ ಆಶಾ ಕಾರ್ಯಕರ್ತೆಯರೇ, ಅಜ್ಜ ನಿದ್ದೆಯಲ್ಲಿ ಕೂಗುತ್ತಾರೆಯೇ ಎಂದು ಅಜ್ಜಿಯನ್ನು ಕೇಳಲು ಯಾವ ಉಪಕರಣವೂ ಬೇಡ.

ಇನ್ನೊಂದು, ಲೆಕ್ಕದವನಾಗಿ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಪಾರ್ಕಿನ್ಸನ್ ಕೂಡ ಇದೆ. ವೈದ್ಯಕೀಯ ಮಂಡಳಿಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು. ನಮಗೆ ಇದು ಒಂದು ವರ್ಷ ತಡವಾಗಿ ತಿಳಿಯಿತು.

ಬೆದರಿಸುವುದು ನನ್ನ ಉದ್ದೇಶವಲ್ಲ. ನಮ್ಮ ಪಕ್ಕದ ಮನೆಯ ಮಾಸ್ತರರ ಕೈ ಮೂವತ್ತು ವರ್ಷದಿಂದ ಲೋಟ ಎತ್ತುವಾಗ ನಡುಗುತ್ತದೆ. ಅವರ ತಂದೆಯದೂ ಹಾಗೆಯೇ ಇತ್ತು. ಅದು ಬೇರೆ ಬಗೆಯ ನಡುಕ, ಪಾರ್ಕಿನ್ಸನ್ ಅಲ್ಲ ಎಂದು ವೈದ್ಯರು ಹೇಳಿದ್ದಾರೆ. ನಿಮ್ಮ ಏಪ್ರಿಲ್ ಚಿತ್ರದ ಕೈ ನಿಜವಾಗಿ ನಮ್ಮ ಮಾಸ್ತರರದು. ಮುಂದಿನ ಸಲ ಬೇರೆ ಚಿತ್ರ ಬೇಕಾದರೆ ನನ್ನ ಬಳಿ ಎರಡು ಸಹಿಗಳಿವೆ, 2016ರದು ಮತ್ತು 2023ರದು. ಒಂದರ ಕೆಳಗೆ ಒಂದು ಅಚ್ಚು ಹಾಕಿ. ಹೆಸರು ಓದಲು ಬಾರದಂತೆ ಮಾಡಿದರೆ ಸಾಕು, ಎರಡನೆಯದನ್ನು ಹೇಗೂ ಓದಲಾಗುವುದಿಲ್ಲ.

ಈ ಪತ್ರವನ್ನು ಭಾವನಿಗೆ ಓದಿ ಹೇಳಿದ್ದೇನೆ. ಎಮ್ಮೆ ಎರಡಲ್ಲ, ಆಗ ಮೂರಿತ್ತು ಎಂದು ತಿದ್ದಿದರು. ಜಿಪುಣತನದ ಮಾತು ಬಂದಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಬಾಯಿಯ ಒಂದು ಮೂಲೆ ಮಾತ್ರ ಮೇಲೆ ಹೋಯಿತು. ಅದು ನಗು ಎಂದು ಈಗ ನಮಗೆಲ್ಲ ಗೊತ್ತು. ಹೆಸರು ಹಾಕಿ ಎನ್ನುತ್ತಾರೆ ಅವರು. ಅಕ್ಕ ಬೇಡ ಎನ್ನುತ್ತಾಳೆ. ಅಕ್ಕನ ಮಾತು ನಡೆಯಲಿ.

ಇಂತಿ ತಮ್ಮ ಓದುಗ,
ನಿವೃತ್ತ ಕ್ಯಾಷಿಯರ್
ಶಿರಸಿ ತಾಲ್ಲೂಕು, ಉತ್ತರ ಕನ್ನಡ